ಟೊಪ್ಪಿಗೆ ಹಿಡಿದ ಕೈ

ಅಮೆರಿಕದ ಒಬ್ಬ ಹಳೆಯ ಸಿನಿಮಾ ನಟನ ಬಲಗೈಯ ಬಗ್ಗೆ ನಾನು ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ದೀರ್ಘವಾಗಿ ಮಾತನಾಡಿದ್ದೆ ಎಂದರೆ ಈಗ ನಮ್ಮ ಬಂಧುಗಳಲ್ಲಿ ಯಾರೂ ನಂಬುವುದಿಲ್ಲ. ನಂಬುವವಳು ನನ್ನ ಹೆಂಡತಿ ಒಬ್ಬಳೇ. ಆದರೆ ಅವಳು ಅದನ್ನು ನೆನಪಿಟ್ಟುಕೊಂಡಿರುವ ಬಗೆಯನ್ನು ಕೇಳಿದರೆ ಉಳಿದವರ ಅಪನಂಬಿಕೆಯೇ ನನಗೆ ಗೌರವದ್ದೆನಿಸುತ್ತದೆ.

ನಾನು ಪುಣೆಯ ಸಗಟು ಪೇಟೆಯಾದ ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿಯ ಅಡತಿ ಅಂಗಡಿ ನಡೆಸಿದವನು. ಗದಗಿನ ಕಡೆಯಿಂದ ಲಾರಿಯಲ್ಲಿ ಬರುವ ಚೀಲಗಳನ್ನು ಇಳಿಸಿಕೊಂಡು, ಕೊಳ್ಳುವವರಿಗೆ ಮಾದರಿ ತೋರಿಸಿ, ಎರಡೂ ಕಡೆಯವರ ನಡುವೆ ದರ ಕುದುರಿಸಿ, ಎರಡೂ ಕಡೆಯವರಿಂದ ಬೈಸಿಕೊಳ್ಳುವುದು ನನ್ನ ವೃತ್ತಿಯಾಗಿತ್ತು. ಶಾಲೆ ಏಳನೆಯ ಇಯತ್ತೆಗೆ ಮುಗಿದಿತ್ತು. ಉಳಿದ ವಿದ್ಯೆಯನ್ನೆಲ್ಲ ನಾನು ರದ್ದಿಯಿಂದ ಕಲಿತೆ. ಮಾದರಿಯ ಕಾಯಿಗಳನ್ನು ಪೊಟ್ಟಣ ಕಟ್ಟಲು ತೂಕಕ್ಕೆ ತರಿಸುತ್ತಿದ್ದ ಹಳೆಯ ಪತ್ರಿಕೆಗಳಲ್ಲಿ ಕನ್ನಡ, ಮರಾಠಿ, ಇಂಗ್ಲಿಷು ಎಲ್ಲವೂ ಇರುತ್ತಿದ್ದವು. ಕಟ್ಟುವ ಮೊದಲು ಓದುವುದು ನನ್ನ ಚಟ. ಹೀಗಾಗಿ ನನ್ನ ಜ್ಞಾನ ಕಾಗದ ಹರಿದಲ್ಲಿಯವರೆಗೆ ಮಾತ್ರ ಬರುತ್ತದೆ. ಗ್ರಹಣ ಹೇಗೆ ಹಿಡಿಯುತ್ತದೆ ಎಂಬುದು ನನಗೆ ಗೊತ್ತು. ಹೇಗೆ ಬಿಡುತ್ತದೆ ಎಂಬುದು ಮುಂದಿನ ಪುಟದಲ್ಲಿತ್ತು. ಯುರೋಪಿನ ಒಂದು ಮಹಾಯುದ್ಧದಲ್ಲಿ ನಾನು ಇನ್ನೂ ಯಾವುದೋ ನದಿಯ ಈಚೆ ದಡದಲ್ಲೇ ಸೈನ್ಯದೊಂದಿಗೆ ಕಾಯುತ್ತ ನಿಂತಿದ್ದೇನೆ.

ಅರ್ಧ ಪುಟ ಓದಿದವನಿಗೆ ಪೂರ್ತಿ ಪುಟ ಬರೆದವರ ಮೇಲೆ ಸಂಶಯ ಹುಟ್ಟುವುದು ಸುಲಭ. ಸಾಸವಡಕ್ಕೆ ಹೋಗುವ ರಸ್ತೆಯ ಮೈಲುಗಲ್ಲುಗಳು ತಪ್ಪಾಗಿವೆ ಎಂದು ನಾನು ಬಹುಕಾಲ ವಾದಿಸುತ್ತಿದ್ದೆ. ಆಷಾಢದ ಯಾತ್ರೆಯ ಪಾಲಖಿಯ ಜೊತೆ ಆ ದಾರಿಯಲ್ಲಿ ನಡೆದ ಅಷ್ಟೊಂದು ಜನರಲ್ಲಿ ಯಾರೂ ದೂರಿಲ್ಲವಲ್ಲ ಎಂದರೆ, ಅವರು ಭಕ್ತರು, ಅಳೆಯುವವರಲ್ಲ ಎನ್ನುತ್ತಿದ್ದೆ. ಕೊನೆಗೆ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು, ಘಟ್ಟ ಹತ್ತಿ, ಮೀಟರು ನೋಡುತ್ತ ಅಳೆದುಬಂದೆ. ಕಲ್ಲುಗಳೇ ತಪ್ಪೆಂದು ನಿಸ್ಸಂದೇಹವಾಗಿ ಸಾಬೀತಾಯಿತು. ಮನೆಗೆ ಬಂದು ನೀರು ಕುಡಿಯುವಾಗ ಅವಳು ಕೇಳಿದಳು:

"ಘಾಟಿನ್ಯಾಗ ಮೀಟರು ನಿಂತಿತ್ತಲ್ರೀ, ಅದನ್ನೂ ಹಿಡದೇನು ಲೆಕ್ಕಕ್ಕ?"

"ನಿಂತಿದ್ದು ನೀ ಯಾವಾಗ ನೋಡಿದಿ?"

"ನೀವು ಕಲ್ಲಿಗೆ ಬೈಯ್ಯೂವಾಗ."

ಆ ಕಾಲದಲ್ಲಿ ಪುಣೆಯ ನಮ್ಮ ಕನ್ನಡಿಗರಲ್ಲಿ ಒಂದು ಅಭ್ಯಾಸ ಮಂಡಳಿ ಇತ್ತು. ತಿಂಗಳಿಗೊಂದು ರವಿವಾರ ಬೆಳಿಗ್ಗೆ ಪೇಟೆಯ ಒಂದು ಛತ್ರದ ಮಾಳಿಗೆಯಲ್ಲಿ ಸೇರಿ ಯಾರಾದರೊಬ್ಬರ ಪ್ರಬಂಧ ಕೇಳುತ್ತಿದ್ದರು. ಸದಸ್ಯರೆಲ್ಲ ಪದವೀಧರರು: ಬ್ಯಾಂಕಿನವರು, ಕಾಲೇಜಿನವರು, ರೈಲ್ವೆ ಲೆಕ್ಕಪತ್ರದವರು. ಹೊಸದಾಗಿ ಸೇರುವವರು ಒಂದು ಪ್ರಬಂಧ ಮಂಡಿಸಬೇಕು, ಸಭೆ ಅದನ್ನು ಒಪ್ಪಬೇಕು ಎಂಬುದು ಅಲ್ಲಿಯ ನಿಯಮ. ನಾನು ವರ್ಷಗಟ್ಟಲೆ ಆ ಮಾಳಿಗೆ ಹತ್ತಿದ್ದೇನೆ. ಆದರೆ ಮೊದಲ ದಿನವೇ, ಯಾರೂ ಕೇಳದಿದ್ದರೂ, ಕೆಳಗಿನ ಹೋಟೆಲಿನಿಂದ ಚಹಾದ ಕೆಟಲಿ ಹೊತ್ತು ತಂದುಬಿಟ್ಟಿದ್ದೆ. ಅಂದಿನಿಂದ ಮಂಡಳಿಯ ದೃಷ್ಟಿಯಲ್ಲಿ ನನ್ನ ಜಾಗ ನಿಶ್ಚಯವಾಯಿತು. ಚರ್ಚೆ ಬಿಸಿಯೇರಿದಾಗ ನಾನೂ ಬಾಯಿ ತೆರೆಯುತ್ತಿದ್ದೆ, ಅಧ್ಯಕ್ಷರು ನನ್ನ ಕಡೆ ತಿರುಗಿ, "ಹಾಂ, ಚಹಾ ಬಂತೇನ್ರಿ?" ಎನ್ನುತ್ತಿದ್ದರು. ಆ ಕೋಣೆಯಲ್ಲಿ ಒಂದು ಕುರ್ಚಿ ನನ್ನದಾಗಬೇಕು, ಓದಿದವರು ಕುಳಿತು ನನ್ನ ಮಾತನ್ನು ಕೊನೆಯವರೆಗೆ ಕೇಳಬೇಕು ಎಂಬ ಆಸೆ ನನಗೆ ಎಷ್ಟಿತ್ತೆಂದರೆ, ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು.

ಅವಕಾಶ ಬಂದದ್ದು ಒಬ್ಬ ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕರ ಮೂಲಕ. ಧಾರವಾಡದ ಕಡೆಯವರು, ಇಸ್ತ್ರಿ ಮಾಡಿದ ಖಾದಿ, ಹೆಗಲ ಮೇಲೆ ಸದಾ ಒಂದು ಶಾಲು, ಪುಣೆಯ ಬೇಸಿಗೆಯಲ್ಲೂ. ಅವರು ಒಂದು ರವಿವಾರ ಅಮೆರಿಕದ ನಟನೊಬ್ಬನ ವೃತ್ತಿಜೀವನದ ಮೇಲೆ ಪ್ರಬಂಧ ಓದಿದರು. ಕಪ್ಪು-ಬಿಳುಪು ಚಿತ್ರಗಳ ಕಾಲದಲ್ಲಿ ಆತ ಮೊದಲು ನಾಯಕನ ಗೆಳೆಯನಾಗಿ ಬಂದು, ಕೆಲವೇ ವರ್ಷಗಳಲ್ಲಿ ತಾನೇ ನಾಯಕನಾದನಂತೆ. ಕುದುರೆ ಸವಾರಿಯಲ್ಲಿ ಅವನಿಗೆ ಸಮಾನರಿಲ್ಲ. ಆಮೇಲೆ ಚಿತ್ರೀಕರಣದಲ್ಲಿ ಕುದುರೆ ಮುಗ್ಗರಿಸಿ ಬಲಗೈ ಜಜ್ಜಿಹೋಯಿತು. ಬೆರಳುಗಳು ಮತ್ತೆ ಮಡಚಲಿಲ್ಲ. ಸಿನಿಮಾದವರು ಕೈಬಿಟ್ಟರು. ಆಗಷ್ಟೇ ಬೆಳೆಯುತ್ತಿದ್ದ ಟೆಲಿವಿಷನ್ ಅವನನ್ನು ಎತ್ತಿಕೊಂಡಿತು. ಅಲ್ಲಿ ಧಾರಾವಾಹಿಗಳಲ್ಲಿ ನ್ಯಾಯಾಧೀಶ, ವೈದ್ಯ, ಪಾದ್ರಿ ಎಂದು ಆತ ಮುದುಕನಾಗುವವರೆಗೆ ದುಡಿದ. ಎರಡು ಜೀವನ ಬಾಳಿದ ಒಬ್ಬ ಮನುಷ್ಯ, ಎಂದು ಪ್ರಾಧ್ಯಾಪಕರು ಮುಗಿಸಿದರು. ಇದಕ್ಕೆ ಅವರ ಆಧಾರ ಪುಣೆಯ ಕ್ಯಾಂಪ್ ಬಡಾವಣೆಯ ಫುಟ್‌ಪಾತಿನಲ್ಲಿ ಕೊಂಡ ಒಂದು ಹಳೆಯ ಸಿನಿಮಾ ಮಾಸಿಕ.

ಸಭೆ ನಿಟ್ಟುಸಿರುಬಿಟ್ಟಿತು. ನಾನು ಮಾತ್ರ ಚಹಾದ ಗ್ಲಾಸುಗಳ ನಡುವೆ ನಿಂತು ಬೆವರುತ್ತಿದ್ದೆ. ಏಕೆಂದರೆ ಆ ನಟನನ್ನು ನಾನು ಬಲ್ಲೆ, ಮತ್ತು ಆತನ ಬಲಗೈ ಸಂಪೂರ್ಣ ಆರೋಗ್ಯವಾಗಿರುವುದನ್ನು ಆ ವಾರವೇ ಕಣ್ಣಾರೆ ಕಂಡಿದ್ದೆ.

ಬಲ್ಲದ್ದು ಕೇಬಲ್ಲಿನಿಂದ. ಮನೆಗೆ ಕೇಬಲ್ ಬಂದ ಹೊಸದು. ಒಂದು ಚಾನೆಲ್ಲಿನಲ್ಲಿ ಮಕ್ಕಳ ಕಾರ್ಟೂನು ಮುಗಿದ ಮೇಲೆ ಅಮೆರಿಕದ ಹಳೆಯ ಚಿತ್ರಗಳು ಬರುತ್ತಿದ್ದವು. ಇನ್ನೊಂದರಲ್ಲಿ ಮಧ್ಯಾಹ್ನ ಅದೇ ದೇಶದ ಹಳೆಯ ಧಾರಾವಾಹಿಗಳು. ಯಾರ್ಡಿನ ಹರಾಜು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯುವುದರಿಂದ ನನಗೆ ಎರಡನ್ನೂ ನೋಡಲು ಬಿಡುವಿತ್ತು. ಕೇಬಲ್ಲಿನವನು ಒಮ್ಮೆ ಬಾಗಿಲಲ್ಲಿ ನಿಂತು, "ಕಾಕಾ, ಹೇ ಚಾನೆಲ್ ತುಮ್ಚ್ಯಾಶಿವಾಯ್ ಕೋಣೀಚ್ ಬಘತ್ ನಾಹೀ," ಎಂದು, ನನ್ನ ಹೊರತು ಇಡೀ ಗಲ್ಲಿಯಲ್ಲಿ ಅದನ್ನು ನೋಡುವವರಿಲ್ಲವೆಂದು ದೂರಿದ. ಅದನ್ನು ನಾನು ಪ್ರಶಂಸೆಯೆಂದೇ ತೆಗೆದುಕೊಂಡೆ. ಇಂಗ್ಲಿಷನ್ನು ಕಣ್ಣಿನಿಂದ ಮಾತ್ರ ಕಲಿತವನಿಗೆ ಆ ಜನರ ಮಾತು ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಬಾಯಲ್ಲಿ ಬಿಸಿ ಬಟಾಟೆ ಇಟ್ಟುಕೊಂಡವರಂತೆ ಮಾತನಾಡುತ್ತಿದ್ದರು. ಆದ್ದರಿಂದ ನಾನು ಕೇಳುವುದನ್ನು ಬಿಟ್ಟು ನೋಡುವುದಕ್ಕೆ ಇಳಿದಿದ್ದೆ.

ಆ ನಟನ ವೃತ್ತಿಜೀವನ ನನಗೆ ದೊರಕಿದ್ದು ಅಡ್ಡಾದಿಡ್ಡಿಯಾಗಿ. ಸೋಮವಾರದ ಮಧ್ಯಾಹ್ನ ಮುದುಕ, ಬುಧವಾರದ ಸಂಜೆ ಮೀಸೆ ಚಿಗುರದ ಸವಾರ, ಶುಕ್ರವಾರ ಮಧ್ಯವಯಸ್ಸಿನ ಪಾದ್ರಿ. ಎಲ್ಲರೂ ಒಬ್ಬನೇ ಎಂದು ಗುರುತಿಸಿದ್ದು ನಾನೆಂದು ಹೇಳಿಕೊಳ್ಳುತ್ತಿದ್ದೆ. ಹೆಸರು ಪರದೆಯ ಮೇಲೆ ಬರುತ್ತಿತ್ತು ಎಂಬುದನ್ನು ಹೇಳುತ್ತಿರಲಿಲ್ಲ. ಹೆಂಡತಿ ಆತನಿಗೆ ಟೊಪ್ಪಿಗಿಯವ್ರು ಎಂದು ಹೆಸರಿಟ್ಟಿದ್ದಳು. ಸೊಪ್ಪು ಸೋಸುತ್ತ ಕುಳಿತವಳು ಒಮ್ಮೆ ಧಾರಾವಾಹಿಯ ಕಡೆ ಕಣ್ಣೆತ್ತಿ ಹೇಳಿದಳು:

"ಬಂದ್ರು ನೋಡ್ರಿ ನಿಮ್ಮ ಟೊಪ್ಪಿಗಿಯವ್ರು. ಮನಿಯೊಳಗ ಬಂದ್ರೂ ಟೊಪ್ಪಿಗಿ ಕೆಳಗ ಇಡೂದಿಲ್ಲ ಈ ಮನುಷ್ಯಾ. ಕೈಯಾಗ ಹಿಡಕೊಂಡ ನಿಂತಿರತಾರ. ಯಾರರ ಕದೀತಾರಂತ ಅಂಜಿಕಿ ಏನೋ."

"ಅದು ಅವರ ಸಂಪ್ರದಾಯ," ಎಂದೆ ನಾನು, ಅರ್ಧ ಪುಟದ ಅಧಿಕಾರದಿಂದ.

ಇಲ್ಲಿ ನನ್ನ ವೃತ್ತಿಯ ಒಂದು ಪದ್ಧತಿಯನ್ನು ಹೇಳದಿದ್ದರೆ ನನ್ನ ಮೂರ್ಖತನದ ಬೇರು ಕಾಣಿಸುವುದಿಲ್ಲ. ಯಾರ್ಡಿನಲ್ಲಿ ಹಿಂದೆ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಕೊಳ್ಳುವವನೂ ಅಡತಿಯವನೂ ಕೈಕುಲುಕಿದಂತೆ ಕೈ ಸೇರಿಸಿ, ಮೇಲೆ ಒಂದು ರುಮಾಲು ಹೊದಿಸಿ, ಅದರ ಮರೆಯಲ್ಲಿ ಬೆರಳು ಒತ್ತಿ ದರ ತಿಳಿಸುವುದು. ಎಷ್ಟು ಬೆರಳು ಹಿಡಿದರು, ಬುಡದಲ್ಲಿ ಒತ್ತಿದರೋ ತುದಿಯಲ್ಲೋ, ಎಲ್ಲಕ್ಕೂ ಅರ್ಥವಿದೆ. ಸುತ್ತ ನಿಂತವರಿಗೆ ಕಾಣುವುದು ನಿರ್ವಿಕಾರವಾದ ಎರಡು ಮುಖಗಳು, ನಡುವೆ ಅಲ್ಲಾಡುವ ಒಂದು ಬಟ್ಟೆ. ಮುಂದೆ ಬಹಿರಂಗ ಹರಾಜು ಬಂದು ಆ ಪದ್ಧತಿ ಹೋಯಿತು, ಹೋದದ್ದೇ ಒಳ್ಳೆಯದಾಯಿತು. ಆದರೆ ನನ್ನ ತಾರುಣ್ಯವೆಲ್ಲ ರುಮಾಲಿನ ಕೆಳಗೆ ಕಳೆದಿತ್ತು. ಮುಖ ಸುಳ್ಳು ಹೇಳುತ್ತದೆ, ಕೈ ಹೇಳುವುದಿಲ್ಲ ಎಂಬುದು ನನ್ನ ವೇದಾಂತ. ಕಣ್ಣು ಕಟ್ಟಿ ಬಿಟ್ಟರೂ ಇಡೀ ಯಾರ್ಡಿನ ವರ್ತಕರನ್ನು ಕೈಯಿಂದಲೇ ಗುರುತಿಸುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದೆ, ಮತ್ತು ಅದು ನಿಜವೂ ಆಗಿತ್ತು.

ಹಾಗಾಗಿ ಸಿನಿಮಾದಲ್ಲೂ ನಾನು ನೋಡುತ್ತಿದ್ದುದು ಕೈಗಳನ್ನೇ. ಆ ನಟ ತಾರುಣ್ಯದ ಒಂದು ಚಿತ್ರದಲ್ಲಿ ಗ್ಲಾಸು ಎತ್ತುವಾಗ ಬಲಗೈಯ ಕಿರುಬೆರಳು ಕೊಂಬಿನಂತೆ ಹೊರಗೆ ಚಾಚಿಕೊಳ್ಳುತ್ತದೆ. ಮುದುಕನಾದ ಮೇಲೆ ಮಾಡಿದ ಧಾರಾವಾಹಿಯಲ್ಲಿ ಇಸ್ಪೀಟು ಹಂಚುವ ಒಂದು ಪ್ರಸಂಗವಿದೆ. ಪರದೆಯ ತುಂಬ ಬಲಗೈಯೊಂದೇ ಕಾಣುತ್ತದೆ, ಎಲೆಗಳು ಹಾರುತ್ತವೆ, ಕಿರುಬೆರಳು ಹಾಗೆಯೇ ಚಾಚಿದೆ. ಅದೇ ಬೆರಳು! ಇನ್ನೊಂದು ಕಂತಿನಲ್ಲಿ ಆ ಕೈ ಹಗ್ಗಕ್ಕೆ ಗಂಟು ಹಾಕುತ್ತದೆ, ಮತ್ತೊಂದರಲ್ಲಿ ಪಿಯಾನೋ ನುಡಿಸುತ್ತದೆ. ಜಜ್ಜಿದ ಕೈ ಪಿಯಾನೋ ನುಡಿಸುತ್ತದೆಯೇ? ಕುದುರೆಯ ಕಥೆ ಶುದ್ಧ ಕಟ್ಟುಕಥೆ. ಟೆಲಿವಿಷನ್ನಿಗೆ ಇಳಿದ ಅವಮಾನವನ್ನು ಮುಚ್ಚಲು ಯಾರೋ ಪ್ರಚಾರದವರು ಹೆಣೆದದ್ದು. ಪ್ರಾಧ್ಯಾಪಕರು ಅದನ್ನು ನಂಬಿದ್ದಾರೆ.

"ಅಧ್ಯಕ್ಷರ," ಎಂದೆ, ಗ್ಲಾಸುಗಳ ತಟ್ಟೆ ಕೆಳಗಿಟ್ಟು. "ಈ ವಿಷಯದ ಮ್ಯಾಲೆ ನಾ ಪ್ರಬಂಧ ಮಂಡಿಸಾಂವ."

ಪ್ರಾಧ್ಯಾಪಕರು ಶಾಲು ಸರಿಪಡಿಸಿಕೊಂಡು, ಸಭ್ಯವಾಗಿಯೇ, "ಬರ್ರಿ, ಬರ್ರಿ. ಮೆಣಸಿನಕಾಯಿ ಹಚ್ಚಿ ಬರ್ರಿ," ಎಂದರು.

ನಾನು ತಯಾರಿಗೆ ಒಂದು ಮಳೆಗಾಲವನ್ನೇ ಕೊಟ್ಟೆ. ವಿಸಿಆರ್ ಕೊಂಡೆ, ಕಂತುಗಳನ್ನೂ ಹಳೆಯ ಚಿತ್ರಗಳನ್ನೂ ಟೇಪಿಗೆ ಇಳಿಸಿ ಜೋಡಿಸಿದೆ, ಬೇಕಾದಲ್ಲಿ ಚಿತ್ರವನ್ನು ತಡೆದು ನಿಲ್ಲಿಸುವುದನ್ನು ಕಲಿತೆ. ಒಂದು ಮಧ್ಯಾಹ್ನ ಇಸ್ಪೀಟಿನ ಪ್ರಸಂಗವನ್ನು ನಾನು ಮತ್ತೆ ಮತ್ತೆ ಓಡಿಸುತ್ತಿರುವಾಗ ಹೆಂಡತಿ ಬಾಗಿಲಲ್ಲಿ ನಿಂತು, "ಈ ಕೈ ಯಾರದ್ರೀ?" ಎಂದು ಕೇಳಿದಳು. ಇಷ್ಟು ದಿನ ನೋಡಿಯೂ ಇಂಥ ಪ್ರಶ್ನೆಯೇ ಎಂದು ನಾನು ಕನಿಕರದಿಂದ ನಕ್ಕು, ಅವಳಿಗೆ ಕೈಗಳ ಬಗ್ಗೆ ಸ್ವಲ್ಪ ಉಪನ್ಯಾಸ ಕೊಟ್ಟೆ. ಅವಳು ಪೂರ್ತಿ ಕೇಳಿ ಒಳಗೆ ಹೋದಳು. ಅದನ್ನು ಒಪ್ಪಿಗೆ ಎಂದು ತಿಳಿದದ್ದು ನನ್ನ ಸ್ವಂತ ಸಂಶೋಧನೆ.

ಮಂಡನೆಯ ದಿನ ಟಿವಿ, ವಿಸಿಆರ್‌ಗಳನ್ನು ಯಾರ್ಡಿನ ಟೆಂಪೋದಲ್ಲಿ ಹೇರಿಕೊಂಡು ಹೋದೆ. ಅದು ದಿನನಿತ್ಯ ಮೆಣಸಿನಕಾಯಿ ಹೊರುವ ಟೆಂಪೋ. ಮಾಳಿಗೆಯಲ್ಲಿ ಟಿವಿಯ ಮೇಲಿನ ಹೊದಿಕೆ ಎಳೆದೊಡನೆ ಮೊದಲ ಸಾಲು ಸೀನಿತು, ಆಮೇಲೆ ಎರಡನೆಯದು. ನನ್ನ ಪೀಠಿಕೆಯನ್ನು ವಿದ್ವಾಂಸರು ಮೂಗು ಹಿಡಿದುಕೊಂಡು ಕಣ್ಣೀರು ಸುರಿಸುತ್ತ ಕೇಳಿದರು. ಅವರಲ್ಲಿ ಕೆಲವರಾದರೂ ಭಾವಪರವಶರಾಗಿರಬಹುದೆಂದು ನಾನು ಎಣಿಸಿದೆ. ಹೆಂಡತಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು; ಚಹಾದ ಜೊತೆಗೆ ಕೊಡಲು ಚುರುಮುರಿಯ ಸೂಸಲ ಮಾಡಿ ತಂದಿದ್ದಳು.

ನಾನು ಚೆನ್ನಾಗಿಯೇ ಮಾತನಾಡಿದೆ. ರುಮಾಲಿನ ಪದ್ಧತಿಯನ್ನು ವಿವರಿಸಿದೆ. ಮುದ್ರಿತವಾದದ್ದೆಲ್ಲ ಸತ್ಯವಲ್ಲ ಎಂದೆ. ಫುಟ್‌ಪಾತಿನ ಮಾಸಿಕಗಳ ಬಗ್ಗೆ, ನನ್ನದೇ ರದ್ದಿಯನ್ನು ಮರೆತು, ಎರಡು ಚುಚ್ಚುಮಾತು ಆಡಿದೆ. ಬಳಿಕ ತಾರುಣ್ಯದ ಚಿತ್ರದ ಗ್ಲಾಸನ್ನು ತೋರಿಸಿ ನಿಲ್ಲಿಸಿದೆ. ಧಾರಾವಾಹಿಯ ಇಸ್ಪೀಟನ್ನು ತೋರಿಸಿ ನಿಲ್ಲಿಸಿದೆ. ಪರದೆಯ ತುಂಬ ಆ ಕೈ.

"ನೋಡ್ರಿ! ಇದು ಜಜ್ಜಿದ ಕೈಯೇನು? ಜಜ್ಜೂದಿರ್ಲಿ, ವಯಸ್ಸಾದ್ದು ಸುದ್ದಾ ಕಾಣೂದಿಲ್ಲ. ಮುಖದ ಮ್ಯಾಲೆ ಸುಕ್ಕು ಅದಾವ, ಕೈಯಾಗ ಒಂದೂ ಸುಕ್ಕಿಲ್ಲ. ವ್ಯಾಯಾಮದಿಂದ ಇಷ್ಟು ಚಂದ ಕಾಯ್ದುಕೊಂಡ ಕೈ ಇದು!"

ಹಿಂದಿನ ಸಾಲಿನಿಂದ ಹೆಂಡತಿಯ ಧ್ವನಿ ಬಂತು. ಅವಳು ಕೂಗಲಿಲ್ಲ, ಪಕ್ಕದವರಿಗೆ ಹೇಳಿದಳು. ಆದರೆ ಆಗ ಯಾರೂ ಸೀನುತ್ತಿರಲಿಲ್ಲ.

"ಸುಕ್ಕು ಎಲ್ಲಿಂದ ಬರಬೇಕ್ರಿ, ಅದು ಹುಡುಗನ ಕೈ. ಮುಖ ಬ್ಯಾರೆಯವ್ರದು, ಕೈ ಬ್ಯಾರೆಯವ್ರದು."

ಅಧ್ಯಕ್ಷರು ಮುಂದೆ ಬಾಗಿದರು. "ಸ್ವಲ್ಪ ಹಿಂದ ಹಾಕ್ರಿ. ಮುಖ ಕಾಣೂವಲ್ಲಿಗೆ."

ಹಾಕಿದೆ. ಮುದುಕ ಮೇಜಿನ ಮುಂದೆ ಕುಳಿತಿದ್ದಾನೆ. ಅಂಗಿಯ ತೋಳು ಮಡಚಿದೆ. ಮುಂದಕ್ಕೆ ಹಾಕಿದೆ. ಕೈ ಇಸ್ಪೀಟು ಹಂಚುತ್ತಿದೆ. ಅಂಗಿಯ ತೋಳು ಮಣಿಕಟ್ಟಿನವರೆಗೆ ಇಳಿದಿದೆ, ಗುಂಡಿ ಹಾಕಿದೆ. ಹಿಂದಕ್ಕೆ: ಮಡಚಿದೆ. ಮುಂದಕ್ಕೆ: ಗುಂಡಿ. ಇಡೀ ಮಳೆಗಾಲ ನಾನು ಕಿರುಬೆರಳೊಂದನ್ನೇ ನೋಡುತ್ತ ಕುಳಿತಿದ್ದೆ. ಆ ತೋಳು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

"ಆದರ ಬೆರಳು!" ಎಂದೆ. "ಕಿರುಬೆರಳು ಹ್ಯಾಂಗ ಒಂದ ನಮೂನಿ?"

ಅಷ್ಟರಲ್ಲಿ ಹೋಟೆಲಿನವನು ಚಹಾ ತಂದು ಹಂಚಿದ್ದ. ಆ ದಿನ ಮಾತ್ರ ನಾನು ಹಂಚಿರಲಿಲ್ಲ. ಅಧ್ಯಕ್ಷರು ತಮ್ಮ ಗ್ಲಾಸನ್ನು ನನಗೆ ತೋರಿಸಿದರು. ಗ್ಲಾಸು ಸುಡುತ್ತಿತ್ತು, ಅವರು ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದಿದ್ದರು, ಕಿರುಬೆರಳು ಕೊಂಬಿನಂತೆ ಹೊರಗೆ ಚಾಚಿತ್ತು. ನಾನು ಕೋಣೆಯ ತುಂಬ ಕಣ್ಣಾಡಿಸಿದೆ. ಬ್ಯಾಂಕಿನವರ ಕಿರುಬೆರಳು, ರೈಲ್ವೆಯವರ ಕಿರುಬೆರಳು, ಪ್ರಾಧ್ಯಾಪಕರ ಕಿರುಬೆರಳು, ಎಲ್ಲವೂ ನನ್ನ ಕಡೆಗೇ ಚಾಚಿಕೊಂಡಿದ್ದವು.

ಪ್ರಾಧ್ಯಾಪಕರು ಎದ್ದು ನಿಂತರು. ನಗುತ್ತಿರಲಿಲ್ಲ, ನಕ್ಕಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ನಾ ಬರದದ್ದು ಒಂದು ಮಾಸಿಕದ ಭರವಸೆ ಮ್ಯಾಲೆ," ಎಂದರು. "ಖರೇ ಹೇಳಬೇಕಂದ್ರ ನನಗೂ ಪುರಾವೆ ಇರಲಿಲ್ಲ. ಕೈ ನೆಟ್ಟಗಿದ್ದ ನಟಗ ಇನ್ನೊಬ್ಬರ ಕೈ ಯಾಕ ಬೇಕು? ಇವರು ಭಾಳ ಕಷ್ಟಪಟ್ಟು ನನ್ನ ಮಾತಿಗೆ ಪುರಾವೆ ಒದಗಿಸ್ಯಾರ. ನಾ ಇವರಿಗೆ ಋಣಿ ಇದ್ದೀನಿ."

ಸಭೆ ಚಪ್ಪಾಳೆ ತಟ್ಟಿತು. ಪ್ರಬಂಧ ಒಪ್ಪಿತವಾಗಲಿಲ್ಲ. ಯಾವ ಮಾತನ್ನು ಉರುಳಿಸಲು ನಾನು ಟೆಂಪೋ ತುಂಬ ಯಂತ್ರ ಹೇರಿಕೊಂಡು ಹೋಗಿದ್ದೆನೋ, ಆ ಮಾತಿಗೇ ತಳಪಾಯ ಹಾಕಿ ಬಂದಿದ್ದೆ.

ಮನೆಗೆ ಮರಳುವಾಗ ಟೆಂಪೋದಲ್ಲಿ ನಾನು ಹೆಂಡತಿಯನ್ನು ಕೇಳಿದೆ, "ಮೊದಲ ಗೊತ್ತಿದ್ರ ಮೊದಲ ಯಾಕ ಹೇಳಲಿಲ್ಲ?"

"ಯಾರ ಕೈ ಅಂತ ಕೇಳಿದ್ದೆನಲ್ಲ."

"ಅದು ಕೇಳೂದು. ಹೇಳೂದು ಬ್ಯಾರೆ."

"ನಿಮಗ ಹೇಳಿದ್ರ ಎಲ್ಲಿ ನಂಬತೀರಿ? ಕೇಳಿದ್ರರ ವಿಚಾರ ಮಾಡತೀರಿ ಅಂತ ಕೇಳಿದೆ. ಅದನ್ನೂ ಮಾಡಲಿಲ್ಲ." ಆಮೇಲೆ ಸೂಸಲದ ಖಾಲಿ ಡಬ್ಬಿಯನ್ನು ತೊಡೆಯ ಮೇಲೆ ತಿರುಗಿಸುತ್ತ ಹೇಳಿದಳು: "ರುಮಾಲಿನ ಕೆಳಗ ನೀವು ಕೈ ಹಿಡದು ಗುರುತು ಹಚ್ಚತಿದ್ರಿ. ನೋಡಿ ಯಾವಾಗ ಹಚ್ಚೀರಿ? ಅಲ್ಲೆ ಕೈ ಕಾಣತಿದ್ದಿಲ್ಲಲ್ಲ."

ಟಿವಿಗೆ ಕಟ್ಟಿದ ಹಗ್ಗ ಬಿಗಿಯಾಗಿದೆಯೇ ಎಂದು ನಾನು ಹಿಂದೆ ತಿರುಗಿ ನೋಡಿದೆ.

ಮುಂದಿನ ತಿಂಗಳು ನಾನು ಮಂಡಳಿಗೆ ಹೋಗಬಾರದೆಂದು ನಿರ್ಧರಿಸಿ, ಹೋಗದಿದ್ದರೆ ಸೋತಂತಾಗುತ್ತದೆಂದು ಹೋದೆ, ಮತ್ತು ಹೋದವನು ಚಹಾ ಹಂಚಿದೆ. ವರ್ಷಗಳು ಹೀಗೆಯೇ ಸಾಗಿದವು. ಛತ್ರವನ್ನು ಕೆಡವಿ ಅಂಗಡಿಗಳನ್ನು ಕಟ್ಟಿದರು; ಮಂಡಳಿ ಅಲ್ಲಿ ಇಲ್ಲಿ ಅಲೆದು, ಹೊಸ ಶತಮಾನ ಬಂದ ಮೇಲೆ, ಸದಸ್ಯರೊಬ್ಬರಿದ್ದ ವಿಮಾನ ನಗರದ ಅಪಾರ್ಟ್‌ಮೆಂಟಿನ ಸಭಾಕೋಣೆಯಲ್ಲಿ ನೆಲೆಯಾಯಿತು. ನಾನು ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿದೆ. ಕೈಯಲ್ಲಿ ಹೊತ್ತು ಬಹಳವಿದ್ದುದರಿಂದ ಒಮ್ಮೆ ಆ ಹಳೆಯ ಟೇಪುಗಳನ್ನು ಹೊರತೆಗೆದು ಓಡಿಸಿದೆ. ಹಟದಿಂದಲೇ. ಎಲ್ಲೋ ಒಂದು ಕಡೆ ಮುಖವೂ ಬಲಗೈಯೂ ಕೂಡಿಯೇ ಕೆಲಸ ಮಾಡುವುದು ಸಿಕ್ಕೀತು, ಅಧ್ಯಕ್ಷರ ಮುಂದೆ ಇಡೋಣ ಎಂಬ ಆಸೆ ಇನ್ನೂ ಸತ್ತಿರಲಿಲ್ಲ.

ಸಿಗಲಿಲ್ಲ. ಮುಖ ಕಾಣುವ ಒಂದು ಪ್ರಸಂಗದಲ್ಲೂ ಆ ಮುದುಕ ಬಲಗೈಯಿಂದ ಏನನ್ನೂ ಮಾಡುವುದಿಲ್ಲ. ಬಾಗಿಲನ್ನು ಎಡಗೈಯಿಂದ ತೆರೆಯುತ್ತಾನೆ. ಎಡಗೈಯಿಂದ ಆಶೀರ್ವದಿಸುತ್ತಾನೆ. ಬಲಗೈ ಮಾತ್ರ ಎದೆಯ ಬಳಿ ನಿಂತಿರುತ್ತದೆ, ಮತ್ತು ಅದರ ಮೇಲೆ ಟೊಪ್ಪಿಗೆ. ನ್ಯಾಯಾಲಯದಲ್ಲಿ ಟೊಪ್ಪಿಗೆ, ರೋಗಿಯ ಹಾಸಿಗೆಯ ಬಳಿ ಟೊಪ್ಪಿಗೆ, ಮಗಳ ಮದುವೆಯಲ್ಲಿ ಟೊಪ್ಪಿಗೆ. ಟೊಪ್ಪಿಗೆ ಇಲ್ಲದ ಪಾತ್ರದಲ್ಲಿ ಮಡಚಿದ ಕೋಟು, ಇಲ್ಲವೆ ಒಂದು ಪುಸ್ತಕ. ಇನ್ನೊಬ್ಬರ ಕೈ ಬಂದು ಇಸ್ಪೀಟು ಹಂಚಿ ಹೋಗುವಾಗ ಈತನ ಕೈ ಮರೆಯಲ್ಲಿ ಕಾಯುತ್ತಿತ್ತು. ಅಷ್ಟು ವರ್ಷ, ಅಷ್ಟು ಜನರ ಎದುರಿಗೆ, ಮುಖವನ್ನು ನಿರ್ವಿಕಾರವಾಗಿ ಇಟ್ಟುಕೊಂಡು, ಬಟ್ಟೆಯ ಕೆಳಗಿನ ಕೈಯನ್ನು ಯಾರಿಗೂ ತೋರಿಸದೆ ಆತ ವ್ಯವಹಾರ ಮಾಡಿದ್ದ. ಇದನ್ನು ಗುರುತಿಸಬಲ್ಲವನು ಪುಣೆಯಲ್ಲಿ ಯಾರಾದರೂ ಇದ್ದರೆ ಅದು ನಾನಾಗಬೇಕಿತ್ತು. ನಾನು ಟೊಪ್ಪಿಗೆಯನ್ನು ಸಂಪ್ರದಾಯ ಎಂದಿದ್ದೆ.

ಮತ್ತೊಮ್ಮೆ ಮಂಡಿಸಲು ಅವಕಾಶ ಕೇಳಿದೆ. ಅಧ್ಯಕ್ಷರಿಗೆ ಆಗ ಕಿವಿ ಮಂದ. ಮೆಣಸಿನಕಾಯಿಯ ಟೆಂಪೋ ಇರುವುದಿಲ್ಲ ಎಂದು ಖಚಿತಪಡಿಸಿಕೊಂಡು ಒಪ್ಪಿದರು. ವಿಮಾನ ನಗರದಲ್ಲಿ ನೆತ್ತಿಯ ಮೇಲೆ ವಿಮಾನ ಇಳಿಯುವಾಗಲೆಲ್ಲ ಮಾತು ನಿಲ್ಲಿಸಬೇಕು. ನನ್ನ ಒಳ್ಳೆಯ ವಾಕ್ಯಗಳೆಲ್ಲ ಅರ್ಧಕ್ಕೆ ನಿಂತು, ವಿಮಾನ ಇಳಿದ ಮೇಲೆ ಮುಂದುವರಿದವು. ರದ್ದಿಯಲ್ಲಿ ಓದಿದವನಿಗೆ ಇದು ಹೊಸತಾಗಿರಲಿಲ್ಲ. ಪ್ರಾಧ್ಯಾಪಕರು ಶಾಲು ಹೊದ್ದು ಮುಂದೆ ಕುಳಿತಿದ್ದರು. ಟೊಪ್ಪಿಗೆಯ ಚಿತ್ರಗಳನ್ನು ಒಂದರ ಹಿಂದೊಂದು ತೋರಿಸಿದಾಗ ಅವರು ತಲೆದೂಗಿದರು. ಈ ಸಲ ಗೆದ್ದೆನೆಂದು ನನಗೆ ಖಾತ್ರಿಯಾಯಿತು.

ಆಗ ಬೆಂಗಳೂರಿನಿಂದ ಬಂದು ಅದೇ ಕಟ್ಟಡದಲ್ಲಿದ್ದ ಒಬ್ಬ ಇಂಜಿನಿಯರ್ ಹೆಣ್ಣುಮಗಳು ಕೈ ಎತ್ತಿದಳು.

"ಅಂಕಲ್, ತುಂಬಾ ಚೆನ್ನಾಗಿತ್ತು. ಒಂದೇ ಒಂದು ಡೌಟು. ಆಕ್ಸಿಡೆಂಟ್‌ಗೆ ಮುಂಚಿನ ಫಿಲ್ಮ್‌ಗಳಲ್ಲೂ ಅವ್ರು ಹ್ಯಾಟ್ ಹೀಗೇ ಹಿಡ್ಕೊತಿದ್ರಾ?"

"ಅಂದ್ರ?"

"ಅಂದ್ರೆ, ಮೊದಲಿಂದ್ಲೂ ಅವ್ರ ಅಭ್ಯಾಸ ಅದೇ ಆಗಿದ್ರೆ, ಕೈಗೂ ಇದಕ್ಕೂ ಕನೆಕ್ಷನ್ನೇ ಇರಲ್ಲ ಅಲ್ವಾ?"

ನನಗೆ ಬಂದ ಸಿಟ್ಟನ್ನು ಹೇಗೆ ವರ್ಣಿಸಲಿ? ಇಷ್ಟು ವರ್ಷ ನೋಡಿದವನು ನಾನು, ನಿನ್ನೆ ಬಂದು ಸಂಶಯ ಪಡುವವಳು ಇವಳು! ಹಾಗೆಂದು ಹೇಳಲು ಬಾಯಿ ತೆರೆದೆ. ಪ್ರಾಧ್ಯಾಪಕರು ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಒಂದು ಬಗೆಯ ಬಂಧುತ್ವ ಕಾಣಿಸಿತು. ನನ್ನ ಅದೃಷ್ಟಕ್ಕೆ ಅದೇ ಹೊತ್ತಿಗೆ ಒಂದು ವಿಮಾನ ಬಂತು. ಅದು ಇಳಿದು ಮುಗಿಯುವವರೆಗೆ ಬಾಯಿ ತೆರೆದುಕೊಂಡೇ ನಿಂತೆ. ಹಳೆಯ ಚಿತ್ರಗಳಲ್ಲಿ ಟೊಪ್ಪಿಗೆ ಎಲ್ಲಿರುತ್ತದೆ ಎಂದು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ನನಗೆ ನೆನಪಿದ್ದದ್ದು ಗ್ಲಾಸು ಮತ್ತು ಕಿರುಬೆರಳು ಮಾತ್ರ. ಉಳಿದದ್ದನ್ನೆಲ್ಲ ಟೇಪು ಓಡಿಸಿ ದಾಟಿಬಿಟ್ಟಿದ್ದೆ.

"ಒಪ್ಪಿಗಿ ತಗೊಳ್ಳೋಣೇನು?" ಎಂದು ಅಧ್ಯಕ್ಷರು ಸಭೆಯನ್ನು ಕೇಳುತ್ತಿದ್ದರು, ಆ ಹೆಣ್ಣುಮಗಳ ಪ್ರಶ್ನೆ ಅವರಿಗೆ ಕೇಳಿಸಿರಲಿಲ್ಲ. ಕೈಗಳು ಮೇಲೇಳತೊಡಗಿದ್ದವು. ನಾನು ಬಯಸಿದ ಕುರ್ಚಿ ಅಲ್ಲಿಯೇ ಇತ್ತು.

"ಈಗ ಬ್ಯಾಡ್ರಿ," ಎಂದೆ. "ನಾ ನೋಡಿಲ್ಲ. ನೋಡಿ ಬಂದು ಹೇಳತೀನಿ."

ಮನೆಯಲ್ಲಿ ಹೆಂಡತಿ ಕನ್ನಡಕ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಹಳೆಯ ಟೇಪಿಗೆ ಬೂಷ್ಟು ಹಿಡಿದಿತ್ತು. ಪರದೆಯ ಮೇಲೆ ಗೆರೆಗಳು ಮಳೆಯಂತೆ ಸುರಿಯುತ್ತಿದ್ದವು. ಈ ಸಲ ನಾನು ಏನನ್ನೂ ದಾಟಿಸಲಿಲ್ಲ. ಆ ಹುಡುಗ ಕುದುರೆಯಿಂದ ಇಳಿದ. ಮೆಟ್ಟಿಲು ಹತ್ತಿದ. ಬಾಗಿಲು ತಳ್ಳಿ ಒಳಗೆ ಬಂದವನೇ, ತಲೆಯ ಮೇಲಿನ ಟೊಪ್ಪಿಗೆಯನ್ನು ಬಲಗೈಯಿಂದ ತೆಗೆದು, ಎತ್ತ ಕಡೆಯೂ ನೋಡದೆ, ಕೋಣೆಯ ಆ ತುದಿಗೆ ಎಸೆದ. ಅದು ಗಾಳಿಯಲ್ಲಿ ತಿರುಗುತ್ತ ಹೋಗಿ ಗೋಡೆಯ ಗೂಟಕ್ಕೆ ಸಿಕ್ಕಿಕೊಂಡಿತು. ಅವನು ನಕ್ಕ.

"ಎಸದ್ರು ನೋಡ್ರಿ!" ಎಂದಳು ಹೆಂಡತಿ. ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡಳು. "ಇನ್ನೊಮ್ಮೆ ಹಾಕ್ರಿ."

ಇನ್ನೊಮ್ಮೆ ಹಾಕಿದೆ. ಮತ್ತೂ ಒಮ್ಮೆ. ಮುಖ, ಕೈ, ಟೊಪ್ಪಿಗೆ ಮೂರೂ ಒಂದೇ ಚಿತ್ರದಲ್ಲಿವೆ ಎಂದು ಅವಳು ಪರದೆಯ ಹತ್ತಿರ ಹೋಗಿ ನೋಡಿ ಬಂದು, ತೋಳಿನ ಗುಂಡಿಯನ್ನೂ ಪರೀಕ್ಷಿಸಿ, "ಈಗ ಹೋಗಿ ಹೇಳ್ರಿ," ಎಂದಳು.

ಮುಂದಿನ ತಿಂಗಳು ಹೋಗಿ ಹೇಳಿದೆ. ಆ ಹೆಣ್ಣುಮಗಳು ಟೊಪ್ಪಿಗೆ ಗೂಟಕ್ಕೆ ಬಿದ್ದಾಗ ಚಪ್ಪಾಳೆ ತಟ್ಟಿದಳು. ಸಭೆ ಒಪ್ಪಿತು. ಪ್ರಾಧ್ಯಾಪಕರು ಕೋಲು ಊರಿಕೊಂಡು ನನ್ನ ಬಳಿಗೆ ಬಂದು ಕೈ ಚಾಚಿದರು. ನಾನು ಕೈ ಕೊಟ್ಟಾಗ ಹೆಗಲ ಮೇಲಿನ ಶಾಲನ್ನು ಎಳೆದು ನಮ್ಮಿಬ್ಬರ ಕೈಗಳ ಮೇಲೆ ಹೊದಿಸಿದರು. "ನಿಮ್ಮ ಯಾರ್ಡಿನ ಪದ್ಧತಿ," ಎಂದು ಗಂಭೀರವಾಗಿ ನುಡಿದು, ಶಾಲಿನ ಕೆಳಗೆ ನನ್ನ ಬೆರಳುಗಳನ್ನು ಒತ್ತಿದರು. ಅವರಿಗೆ ಆ ಲಿಪಿ ಗೊತ್ತಿರಲಿಲ್ಲ, ಪಾಪ. ಅವರು ಒತ್ತಿದ್ದಕ್ಕೆ ನಮ್ಮ ಪೇಟೆಯಲ್ಲಿ ತೊಟ್ಟು ಕಳಚಿದ, ನೀರು ಕುಡಿದ, ಬಣ್ಣ ಹೋದ ಮೆಣಸಿನಕಾಯಿಯ ದರ ಎಂದು ಅರ್ಥ.

ಮುಖವನ್ನು ನಿರ್ವಿಕಾರವಾಗಿ ಇಟ್ಟುಕೊಂಡು ನಾನೂ ಒತ್ತಿ ಒಪ್ಪಿದೆ. ಆಮೇಲೆ ಚಹಾ ತರಲು ಹೋದೆ.